ಬೊಗ್ನಾಳ ಹಳದಿ ಹರಳು

ಬೊಗ್ನಾ ರತಾಯ್ಚಾಕ್ ಹುಟ್ಟಿದ್ದು ಪೋಜ್ನಾನ್ ಊರಿನ ಯೆಜಿತ್ಸೆ ಬಡಾವಣೆಯಲ್ಲಿ. ಅಪ್ಪ ಮನೆಗಳಿಗೆ ಮರದ ನೆಲ ಹಾಸುವ ಕೆಲಸಗಾರ. ಓಕ್ ಮರದ ತುಂಡುಗಳನ್ನು ಓರೆಯೋರೆಯಾಗಿ, ಜಡೆ ಹೆಣೆದ ಹಾಗೆ ಜೋಡಿಸುತ್ತ ಅವನು ಮಂಡಿಯೂರಿ ಹಿಂದೆ ಸರಿಯುತ್ತಿದ್ದರೆ, ಎದುರಿಗೆ ಕೂತ ಮಗಳು ಮುಂದಿನ ತುಂಡು ಯಾವ ಕಡೆಗೆ ತಿರುಗಬೇಕೆಂದು ಅವನಿಗಿಂತ ಮೊದಲೇ ಬೆರಳು ಮಾಡಿ ತೋರಿಸುತ್ತಿದ್ದಳಂತೆ. ಒಂದು ದಿನ ಅಪ್ಪನಿಗೆ ರೇಗಿತು. "ತೋರ್ಸಿದ್ದು ಸಾಕು, ತಗೋ, ನೀನೇ ಹಾಕು" ಎಂದು ಸುತ್ತಿಗೆಯನ್ನು ಅವಳ ಕೈಗೇ ಕೊಟ್ಟುಬಿಟ್ಟ. ಆ ಕೋಣೆಯ ಅರ್ಧ ನೆಲ ಅವಳದೇ ಎಂದು ಈಗಲೂ ಹೇಳಿಕೊಳ್ಳುತ್ತಾಳೆ.

ಅವಳೂ ನಾನೂ ಒಂದೇ ವರ್ಷ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ ಸೇರಿದವರು. ನನ್ನ ಹೆಸರು ತಿಮೋನ್. ನಾನು ಹೊಸ ಹೊಸ ಅಣುಗಳನ್ನು ಕಟ್ಟುವವನು. ಕಟ್ಟಿದ್ದು ನಿಜಕ್ಕೂ ಹೇಗಿದೆ ಎಂದು ನೋಡಿ ಹೇಳುವವಳು ಅವಳು. ಅಣುವನ್ನು ಕಣ್ಣಿನಿಂದ ನೋಡಲಾಗದು. ಅದನ್ನು ಹರಳುಗಟ್ಟಿಸಿ, ಸಾಸಿವೆಗಿಂತ ಚಿಕ್ಕದಾದ ಒಂದು ಹರಳನ್ನು ಗಾಜಿನ ಎಳೆಯ ತುದಿಗೆ ಅಂಟಿಸಿ, ಎಕ್ಸ್-ರೇ ಕಿರಣದ ದಾರಿಯಲ್ಲಿ ನಿಲ್ಲಿಸಬೇಕು. ಹರಳಿನೊಳಗೆ ಅಣುಗಳು ಸಾಲುಸಾಲಾಗಿ ಕೂತಿರುವುದರಿಂದ ಕಿರಣ ಚದುರಿ ಅಲ್ಲಲ್ಲಿ ಚುಕ್ಕೆಗಳಾಗಿ ಬೀಳುತ್ತದೆ. ಆ ಚುಕ್ಕೆಗಳ ಜಾಗ, ಹೊಳಪು ಇಷ್ಟರಿಂದಲೇ ಲೆಕ್ಕ ಹಾಕಿ, ಯಾವ ಪರಮಾಣು ಎಲ್ಲಿ ಕೂತಿದೆ ಎಂದು ಹೇಳಬಹುದು. ನಾವು ಸೇರಿದ ಕಾಲದ ಯಂತ್ರ ಒಂದೊಂದೇ ಚುಕ್ಕೆಯನ್ನು ಹುಡುಕಿ ಅಳೆಯುತ್ತಿತ್ತು. ಒಂದು ಹರಳಿಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಬೊಗ್ನಾ ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯುತ್ತ ಕೂರುತ್ತಿದ್ದಳು. ನನ್ನ ಹತ್ತಿರ ಇನ್ನೂ ಅಂಥದ್ದೊಂದಿದೆ.

ಪಾಠ ಮಾಡುವುದರಲ್ಲಿ ಅವಳದು ಅವಳದೇ ರೀತಿ. ಹರಳಿನ ಸಾಲುಗಳ ಲೆಕ್ಕವೆಂದರೆ ಹುಡುಗರಿಗೆ ಜ್ವರ ಬರುತ್ತದೆ. ಬೊಗ್ನಾ ಮೊದಲ ವಾರ ಪುಸ್ತಕವನ್ನೇ ತೆರೆಸುತ್ತಿರಲಿಲ್ಲ. ಇಡೀ ತರಗತಿಯನ್ನು ಯೆಜಿತ್ಸೆಯ ಹಳೆಯ ಮನೆಗಳ ಬಾಗಿಲುಗಳೊಳಗೆ ನುಗ್ಗಿಸಿ, ಹೂಚಿತ್ತಾರದ ನೆಲದ ಬಿಲ್ಲೆಗಳ ಮೇಲೆ ನಿಲ್ಲಿಸಿ, "ಈ ಹೂವನ್ನ ಎಷ್ಟು ತಿರುಗಿಸಿದ್ರೆ ಮತ್ತೆ ಅದೇ ಥರ ಕಾಣ್ಸುತ್ತೆ? ಕನ್ನಡಿ ಎಲ್ಲಿಟ್ರೆ ಅರ್ಧ ಸಾಕಾಗುತ್ತೆ?" ಎಂದು ಕೇಳುತ್ತಿದ್ದಳು. ಮಹಡಿಯ ಮುದುಕಿಯರು ಬಾಗಿಲು ತೆಗೆದು "ಯಾರ್ರೀ ಅದು, ಮನೆ ಅಳತೆ ಮಾಡ್ತಿರೋರು?" ಎಂದು ಗದರುವುದೂ ಇತ್ತು.

ಆದರೆ ಅವಳಲ್ಲಿ ಒಂದು ಊನವಿತ್ತು. ಹರಳನ್ನು ಎತ್ತಿ ಅಂಟಿಸುವ ಕೆಲಸಕ್ಕೆ ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. ವಿದ್ಯಾರ್ಥಿ ಸೂಜಿ ಹಿಡಿದರೆ ಸಾಕು, ಅವಳ ಕೈ ತುರಿಸುತ್ತಿತ್ತು. "ಕೊಡಿಲ್ಲಿ, ಒಡೆದುಬಿಡ್ತೀಯ" ಎಂದು ಕಸಿದುಕೊಂಡು ತಾನೇ ಮುಗಿಸುತ್ತಿದ್ದಳು. ಅವಳ ಕೈಯೂ ಹಾಗೇ ಇತ್ತು, ಒಂದು ಹರಳೂ ಒಡೆದದ್ದಿಲ್ಲ. ಹಾಗಾಗಿ ಅವಳ ವಿದ್ಯಾರ್ಥಿಗಳಿಗೆ ಎಲ್ಲ ಗೊತ್ತಿರುತ್ತಿತ್ತು, ಕೈಗೆ ಮಾತ್ರ ಏನೂ ಬರುತ್ತಿರಲಿಲ್ಲ.

ಅವಳು ಡಾಕ್ಟರೇಟಿಗಾಗಿ ಅಳೆದ ಹರಳುಗಳಲ್ಲಿ ಒಂದು ನಾನು ಮಾಡಿಕೊಟ್ಟದ್ದು. ಎರಡು ಬಿಳಿ ಪುಡಿಗಳನ್ನು ಬೇರೆಬೇರೆಯಾಗಿ ಸ್ಪಿರಿಟ್ಟಿನಲ್ಲಿ ಕರಗಿಸಿ, ಬಿಸಿಯಾಗಿರುವಾಗಲೇ ಕೂಡಿಸಿದರೆ ಹುಟ್ಟುವ ವಸ್ತು. ತಣ್ಣಗಾಗುತ್ತ ಬಂದಂತೆ ತಳದಲ್ಲಿ ನಿಂಬೆಹಣ್ಣಿನ ಬಣ್ಣದ ಹರಳುಗಳು ಮೂಡಿದ್ದವು. ಬೊಗ್ನಾ ಅಳೆದಳು, ಅಣುವಿನ ಚಿತ್ರ ಬಿಡಿಸಿದಳು, ಪ್ರಕಟಿಸಿದಳು. ಮಾರನೆಯ ವರ್ಷ ಅದೇ ಪುಡಿಗಳನ್ನು ಅದೇ ರೀತಿ ಕೂಡಿಸಿದಾಗ ಇಟ್ಟಿಗೆಗೆಂಪು ಹರಳು ಬಂತು. ವಸ್ತು ಅದೇ. ಅಣು ಸ್ವಲ್ಪ ಬೇರೆ ರೀತಿ ಬಾಗಿ, ಬೇರೆ ರೀತಿ ಒತ್ತೊತ್ತಾಗಿ ಕೂತಿತ್ತು, ಅಷ್ಟೇ. ಆಮೇಲೆ ನಾವು ಏನು ಮಾಡಿದರೂ ಹಳದಿ ಬರಲೇ ಇಲ್ಲ. ಸೀಸೆಯಲ್ಲಿಟ್ಟಿದ್ದ ಹಳೆಯ ಹಳದಿಯೂ ಕೆಂಪಾಗಿ ಹೋಯಿತು.

ಹೀಗಾಗುವುದುಂಟು. ಹಾಲಿಗೆ ಒಂದು ತೊಟ್ಟು ಮೊಸರು ಬಿದ್ದರೆ ಇಡೀ ಪಾತ್ರೆ ಹೆಪ್ಪುಗಟ್ಟುವ ಹಾಗೆ, ಕಣ್ಣಿಗೆ ಕಾಣದಂಥ ಕೆಂಪು ಹರಳಿನ ಧೂಳಿನ ಕಣ ಒಂದು ಬಿದ್ದರೆ ಸಾಕು, ಎಲ್ಲವೂ ಕೆಂಪಾಗಿಯೇ ಹರಳುಗಟ್ಟುತ್ತದೆ. ಅಂಥ ಧೂಳು ನಮ್ಮ ಪ್ರಯೋಗಶಾಲೆಯ ಗಾಳಿಯಲ್ಲಿ, ಮೇಜಿನಲ್ಲಿ, ನಮ್ಮ ಬಟ್ಟೆಗಳಲ್ಲಿ ಸೇರಿಹೋಗಿತ್ತು. ನನ್ನ ಗಡ್ಡದಲ್ಲೂ ಇದೆ ಎಂದು ಬೊಗ್ನಾ ಹೇಳುತ್ತಿದ್ದಳು. ತಮಾಷೆಗಲ್ಲ, ನಿಜವಾಗಿಯೇ.

ವರ್ಷಗಳು ಕಳೆದವು. ಒಂದು ಬೇಸಿಗೆಯಲ್ಲಿ ವ್ರೊತ್ಸ್ವಾಫ್‌ನಲ್ಲಿ ಹರಳು ವಿಜ್ಞಾನಿಗಳ ಸಭೆ ನಡೆದಾಗ ಡಾಕ್ಟರ್ ಗ್ರಾಲಾ ಎಂಬ ತರುಣ ಎದ್ದು ನಿಂತ. ಅವನದು ಕಂಪ್ಯೂಟರಿನಲ್ಲಿ ಅಣುಗಳ ಲೆಕ್ಕ ಹಾಕುವ ಕೆಲಸ. ತುಂಬ ವಿನಯದಿಂದಲೇ ಹೇಳಿದ: "ಮೇಡಂ, ತಪ್ಪು ತಿಳ್ಕೋಬೇಡಿ. ನಮ್ಮ ಲೆಕ್ಕದ ಪ್ರಕಾರ ಆ ಹಳದಿ ರೂಪ ನಿಲ್ಲೋಕೇ ಆಗಲ್ಲ. ನಾವೂ ಒಂದು ವರ್ಷ ಕೂತು ಮಾಡಿ ನೋಡಿದ್ವಿ, ಬರೀ ಕೆಂಪೇ ಬಂತು. ನೀವು ಅಳೆದಿದ್ದು ಬೇರೆ ಏನೋ ವಸ್ತು ಇರ್ಬಹುದಾ?"

ನಾನು ಕುರ್ಚಿಯ ತುದಿಗೆ ಬಂದಿದ್ದೆ. ಬೊಗ್ನಾ ಮಾತ್ರ ಮುಖ ಕೆಡಿಸಿಕೊಳ್ಳಲಿಲ್ಲ. "ಇರ್ಬಹುದು. ನಂಗೂ ಒಂದೊಂದ್ಸಲ ಹಂಗೇ ಅನ್ಸುತ್ತೆ. ಇನ್ನೊಂದ್ಸಲ ಮಾಡಿ ನೋಡ್ತೀನಿ" ಎಂದಳು.

ರೈಲಿನಲ್ಲಿ ಹಿಂದಿರುಗುವಾಗ ನಾನು ಕೇಳಿದೆ: "ಎಲ್ಲಿ ಮಾಡ್ತೀಯ? ನಮ್ಮಲ್ಲಂತೂ ಬಾಗ್ಲು ತೆಗೆದ್ರೆ ಕೆಂಪೇ ಎದ್ರಿಗೆ ಬರುತ್ತೆ."

"ನನ್ನ ಕೈತೋಟದಲ್ಲಿ."

ಊರಂಚಿನ ಕೈತೋಟಗಳ ಸಾಲಿನಲ್ಲಿ ಅವಳದೂ ಒಂದು ತುಂಡು ನೆಲವಿದೆ. ನಾಲ್ಕು ಪ್ಲಮ್ ಗಿಡ, ಟೊಮೆಟೊ ಪಾತಿ, ಒಂದು ಮರದ ಗುಡಿಸಲು. ಆ ಗುಡಿಸಲನ್ನು ಅವಳ ಗಂಡ ರೋಖ್ ಆಗಷ್ಟೇ ಹೊಸದಾಗಿ ಕಟ್ಟಿ ಮುಗಿಸಿದ್ದ. ಬೊಗ್ನಾ ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ.

"ಸರಿ, ನೀನು ಒಳಗೆ ಹೋದ ಕೂಡ್ಲೇ ಕೆಂಪು ಬರುತ್ತಲ್ಲ" ಎಂದೆ.

"ನಾನೆಲ್ಲಿ ಹೋಗ್ತೀನಿ? ಎರಡನೇ ವರ್ಷದ ಹುಡುಗ್ರು ಹೋಗ್ತಾರೆ. ಅವರಿನ್ನೂ ನಮ್ಮ ಪ್ರಯೋಗಶಾಲೆಯ ಮುಖಾನೇ ನೋಡಿಲ್ಲ." ಅಷ್ಟು ಹೇಳಿ ಅವಳು ಕಿಟಕಿಯ ಕಡೆ ತಿರುಗಿದಳು. ಹೇಳುವುದು ಸುಲಭವಾಗಿತ್ತು. ತಾನು ಮುಟ್ಟದೆ ಇನ್ನೊಬ್ಬರ ಕೈಯಲ್ಲಿ ಈ ಕೆಲಸ ಮಾಡಿಸಬೇಕು ಎನ್ನುವುದು ಅವಳಿಗೆ ಆಗ ತಾನೇ ಹೊಳೆದಿತ್ತೆಂದು ತೋರುತ್ತದೆ.

ಆರಿಸಿದ್ದು ಇಬ್ಬರನ್ನು. ಓತಿಲಿಯಾ ಮಾತು ಕಡಿಮೆಯ ಹುಡುಗಿ, ಯಾರಾದರೂ ನೋಡುತ್ತಿದ್ದರೆ ಕೈ ನಡುಗುತ್ತಿತ್ತು. ಇಗ್ನಾತ್ಸಿ ಅವಳ ಪಾಲಿನ ಮಾತನ್ನೂ ತಾನೇ ಆಡುವವನು. ಸೆಪ್ಟೆಂಬರಿನ ಒಂದು ಶನಿವಾರ ಇಬ್ಬರೂ ಹೊಸ ಬಟ್ಟೆ, ಹೊಸ ಕೈಗವಸು ತೊಟ್ಟು ಬಂದರು. ಪುಡಿಗಳು ಸೀಲು ಒಡೆಯದ ಹೊಸ ಡಬ್ಬಿಗಳಲ್ಲಿ ನೇರವಾಗಿ ತೋಟಕ್ಕೇ ಬಂದಿದ್ದವು. ಸ್ಪಿರಿಟ್ಟು, ಹಣ್ಣಿನ ಮದ್ಯ ಮಾಡಲು ಎಲ್ಲರೂ ಅಂಗಡಿಯಲ್ಲಿ ಕೊಳ್ಳುವ ಬಾಟಲಿಯದೇ. ಪಾತ್ರೆಗಳ ಬದಲಿಗೆ ಜಾಮ್ ತುಂಬುವ ಹೊಸ ಗಾಜಿನ ಸೀಸೆಗಳು. ನನ್ನನ್ನು ಗೇಟಿನ ಹೊರಗಿನ ಬೆಂಚಿನ ಮೇಲೆ ಕೂರಿಸಿದರು.

"ತಿಮೋನ್, ಗಾಳಿ ಈ ಕಡೆಗೆ ಬೀಸ್ತಿದೆ. ಇನ್ನೂ ಸ್ವಲ್ಪ ಆ ಕಡೆ ಸರಿ" ಎಂದು ಬೊಗ್ನಾ ಕೂಗಿದಳು.

"ಇನ್ನು ಸರಿದ್ರೆ ಟ್ರಾಮ್ ಹಳಿ ಮೇಲೆ ಕೂರ್ಬೇಕು!"

ಪಕ್ಕದ ತೋಟದ ಪಾನ್ ಫ್ಲೋರಿಯಾನ್ ಬೇಲಿಗೆ ಮೊಣಕೈ ಊರಿ ಎಲ್ಲವನ್ನೂ ನೋಡುತ್ತಿದ್ದ. ಟ್ರಾಮ್ ಓಡಿಸಿ ನಿವೃತ್ತನಾದವನು; ಪಾನ್ ಎಂದರೆ ನಮ್ಮಲ್ಲಿ ಗೌರವದ 'ಶ್ರೀಯುತ'. ಬೊಗ್ನಾ ವೈದ್ಯೆಯಲ್ಲ ಎಂದು ಎಷ್ಟು ಸಲ ಹೇಳಿದರೂ, ಡಾಕ್ಟರ್ ಅಂದಮೇಲೆ ಡಾಕ್ಟರೇ ಎಂದು ತನ್ನ ಮಂಡಿನೋವಿನ ಸಮಾಚಾರ ಒಪ್ಪಿಸುತ್ತಲೇ ಇದ್ದ. "ಡಾಕ್ಟರಮ್ಮ, ಅವರೇನು ಬಾಣಂತಿ ಕೋಣೆಗೆ ಹೋಗ್ತಿದಾರಾ, ಅಷ್ಟೊಂದು ಮಡಿ?" ಎಂದು ನನಗೆ ಕಣ್ಣು ಹೊಡೆದ.

ಬೊಗ್ನಾ ಗುಡಿಸಲಿನ ಕಿಟಕಿಯಿಂದ ಹತ್ತು ಹೆಜ್ಜೆ ದೂರ, ಟೊಮೆಟೊ ಪಾತಿಯ ಆಚೆ ನಿಂತು ಹೇಳಿಕೊಡುತ್ತಿದ್ದಳು. ಪುಡಿಗಳು ಕರಗಿದವು. ಬಿಸಿನೀರಿನ ಬೋಗುಣಿಯಲ್ಲಿ ಸೀಸೆಗಳು ಕಾದವು. ಇನ್ನು ಎರಡನ್ನೂ ಕೂಡಿಸಬೇಕು. ಕಿಟಕಿಯ ಹತ್ತಿರ ಬೆಳಕಿಗೆ ಬಂದು ನಿಂತ ಓತಿಲಿಯಾಳ ಕೈ ನಡುಗತೊಡಗಿತು.

"ನಿಧಾನ... ನಿಧಾನ... ಅಯ್ಯೋ ಹಂಗಲ್ಲ, ಹಂಗಲ್ಲ ಕಣೇ!" ಎನ್ನುತ್ತ ಬೊಗ್ನಾ ಪಾತಿ ದಾಟಿದ್ದು ನನಗೆ ಕಂಡಿತು. ಕಿಟಕಿಯೊಳಗೆ ಕೈ ಹಾಕಿ, ಸೀಸೆಯನ್ನು ಹುಡುಗಿಯ ಕೈಯಿಂದ ತೆಗೆದುಕೊಂಡು, ನೂಲಿನಂತೆ ಸಣ್ಣ ಧಾರೆಯಾಗಿ ಸುರಿದು ತೋರಿಸಿದಳು. ಸುರಿದು ಮುಗಿದ ಮೇಲೆಯೇ ತಾನೇನು ಮಾಡಿದೆ ಎಂದು ಅವಳಿಗೆ ಅರಿವಾದದ್ದು.

ಪ್ಲಮ್ ಕೇಕು ತಿಂದು ಚಹಾ ಕುಡಿಯುವಷ್ಟರಲ್ಲಿ ಸೀಸೆಯ ತಳದಲ್ಲಿ ಹರಳು ಮಿಂಚತೊಡಗಿತು. ಇಟ್ಟಿಗೆಗೆಂಪು.

"ಬಂತು ನೋಡಿ ಕೆಂಪು" ಎಂದು ಮೊದಲು ಬಾಯಿ ಬಿಟ್ಟವನು ಇಗ್ನಾತ್ಸಿ. "ಮೇಡಂ, ನಿಮ್ಮ ಕೈಗುಣ ಅಂದ್ರೆ ಇದೇ."

ಬೊಗ್ನಾ ಅವನನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿ ಫಕ್ಕನೆ ನಕ್ಕಳು. ನಕ್ಕದ್ದು ನಿಲ್ಲಲೇ ಇಲ್ಲ. ಪ್ಲಮ್ ಗಿಡ ಹಿಡಿದುಕೊಂಡು ಕಣ್ಣೊರೆಸಿಕೊಳ್ಳಬೇಕಾಯಿತು. "ಇಷ್ಟು ವರ್ಷ ಎಷ್ಟು ಜನರ ಕೈಯಿಂದ ಹಿಂಗೆ ಕಿತ್ಕೊಂಡಿದೀನೋ" ಎಂದಳು.

ಹೊಸ ಗುಡಿಸಲೂ ಈಗ ಕೆಟ್ಟಿತ್ತು. ಆಗ ಪಾನ್ ಫ್ಲೋರಿಯಾನ್ ಬೇಲಿಯಾಚೆಯಿಂದ ಕೇಳಿದ: "ನನ್ನ ಗುಡಿಸ್ಲು ಆಗ್ಬಹುದಾ? ಅಲ್ಲಿ ಮೀನು ಹಿಡಿಯೋ ಗಾಳ ಬಿಟ್ರೆ ಏನಿಲ್ಲ. ರಸಾಯನಶಾಸ್ತ್ರ ಅಂತ ಮಾಡಿದ್ರೆ ಪ್ಲಮ್ ಮದ್ಯ ಒಂದೇ."

ಮುಂದಿನ ಶನಿವಾರ ಮತ್ತೆ ಸೇರಿದೆವು. ಹುಡುಗರು ತಲೆಗೆ ಸ್ನಾನ ಮಾಡಿ ಮತ್ತೆ ಹೊಸ ಬಟ್ಟೆ ತೊಟ್ಟು ಬಂದಿದ್ದರು; ಪುಡಿಗಳೂ ಸೀಸೆಗಳೂ ಹೊಸವೇ. ಈ ಸಲ ಓತಿಲಿಯಾ ಮೊದಲೇ ಹೇಳಿದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ನೀವು ನಿಮ್ಮ ತೋಟದಲ್ಲೇ ಇರಿ. ಕಿಟಕಿ ಹತ್ರಾನೂ ಬೇಡ. ನೀವು ನೋಡ್ತಾ ಇದ್ರೆನೇ ನನ್ನ ಕೈ ನಡುಗೋದು."

ಬೊಗ್ನಾ "ಸರಿಯಮ್ಮ" ಎಂದು ಹೋಗಿ ರೋಖ್‌ನ ಜೊತೆ ಆಲೂಗಡ್ಡೆ ಅಗೆಯತೊಡಗಿದಳು. ಆ ದಿನ ಆಕೆ ಅಗೆದಷ್ಟು ಆಲೂಗಡ್ಡೆ ಆ ಮನೆಗೆ ಚಳಿಗಾಲವಿಡೀ ಸಾಕಾಗುವಷ್ಟಿತ್ತು. ಮಧ್ಯಾಹ್ನ ಅದನ್ನೇ ಬೇಯಿಸಿ, ಕೆನೆ ಹಾಗೂ ಈರುಳ್ಳಿಸೊಪ್ಪು ಬೆರೆಸಿದ ಪನೀರು ಮೇಲೆ ಹಾಕಿಕೊಂಡು ಎಲ್ಲರೂ ತಿಂದೆವು. ಹುಡುಗರ ತಟ್ಟೆಗಳನ್ನು ಬೇಲಿಯ ಮೇಲಿಟ್ಟು ದೂರ ಸರಿದು ನಿಂತೆವು. ಸೀಸೆಯಲ್ಲಿ ಏನೂ ಬಂದಿರಲಿಲ್ಲ. ಸಂಜೆಯೂ ಬರಲಿಲ್ಲ. ಅದನ್ನು ಅಲ್ಲೇ ಬಿಟ್ಟು, ಮುಟ್ಟಬೇಡಿ ಎಂದು ಪಾನ್ ಫ್ಲೋರಿಯಾನ್‌ಗೆ ಹೇಳಿ ಮನೆಗೆ ಹೋದೆವು.

ಭಾನುವಾರ ಬೆಳಗ್ಗೆ ಅವನ ಫೋನು ಬಂದಾಗ ಬೊಗ್ನಾ ಚರ್ಚಿಗೆ ಹೊರಟು ನಿಂತಿದ್ದಳಂತೆ.

"ಡಾಕ್ಟರಮ್ಮ, ನಾನು ಮುಟ್ಟಿಲ್ಲ, ದೇವರಾಣೆ. ಬರೀ ನೋಡ್ದೆ. ನಿಮ್ಮ ಬಾಟ್ಲಿ ತಳದಲ್ಲಿ ಏನೋ ಕೂತಿದೆ."

"ಯಾವ ಬಣ್ಣ?"

"ನಮ್ಮ ಟ್ರಾಮಿನ ಬಣ್ಣ."

"ಪಾನ್ ಫ್ಲೋರಿಯಾನ್, ನಮ್ಮ ಟ್ರಾಮು ಅರ್ಧ ಹಸಿರು ಅರ್ಧ ಹಳದಿ!"

"ಹಸಿರು ಯಾಕೆ ಬರುತ್ತಮ್ಮ, ಹಳದಿ ಭಾಗದ ಬಣ್ಣ!"

ಅರ್ಧ ಗಂಟೆಯಲ್ಲಿ ಎಲ್ಲರೂ ತೋಟದಲ್ಲಿದ್ದೆವು. ಆದರೆ ಅಸಲಿ ಕೆಲಸ ಇನ್ನು ಮುಂದೆ ಇತ್ತು. ಆ ಹರಳುಗಳನ್ನು ಹಾಗೇ ಪ್ರಯೋಗಶಾಲೆಗೆ ಒಯ್ದರೆ ಒಂದು ಧೂಳು ತಾಗಿ ಕೆಂಪಾಗಬಹುದು. ಒಂದು ಒಳ್ಳೆಯ ಹರಳನ್ನು ಅಲ್ಲಿಯೇ ಆರಿಸಿ, ಧೂಳು ತಾಗದಂತೆ ಎಣ್ಣೆಯಲ್ಲಿ ಅದ್ದಿ, ಗಾಜಿನ ಎಳೆಗೆ ಅಂಟಿಸಿ, ಸಣ್ಣ ಕೊಳವೆಯಲ್ಲಿ ಮುಚ್ಚಿ ತರಬೇಕು. ಭೂಗೋಳದ ಮೇಷ್ಟ್ರಾದ ರೋಖ್ ತನ್ನ ಶಾಲೆಯಿಂದ ಸೂಕ್ಷ್ಮದರ್ಶಕ ತಂದುಕೊಟ್ಟಿದ್ದ. ಬೊಗ್ನಾ ತನ್ನ ತೋಟದಲ್ಲಿ ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು, ಫೋನ್ ಕಿವಿಗೆ ಹಿಡಿದಳು. ನೋಡುವುದಕ್ಕೆ ಅವಳಿಗೇನೂ ಇರಲಿಲ್ಲ. ಓತಿಲಿಯಾ ಹೇಳಿದ್ದನ್ನು ಕೇಳಬೇಕಿತ್ತು, ಅಷ್ಟೇ.

"ಅಂಚು ಹೇಗಿದೆ?"

"ಚೂಪಾಗಿದೆ ಮೇಡಂ. ಒಂದರಲ್ಲಿ ಸಣ್ಣ ಬಿರುಕಿದೆ, ಅದು ಬೇಡ. ಎಡಗಡೆದು ಚೆನ್ನಾಗಿದೆ. ಆದ್ರೆ ಅದು ಒಂದೇ ಹರಳೋ, ಎರಡು ಅಂಟ್ಕೊಂಡಿದಾವೋ ಗೊತ್ತಾಗ್ತಿಲ್ಲ."

ಅದನ್ನು ತಿಳಿಯಲು ಬೆಳಕನ್ನು ಒಂದೇ ದಿಕ್ಕಿಗೆ ಜರಡಿ ಹಿಡಿಯುವ ಎರಡು ಗಾಜು ಬೇಕು. ಒಂದು ಹರಳಿನ ಕೆಳಗೆ, ಇನ್ನೊಂದು ಮೇಲೆ ಅಡ್ಡಲಾಗಿ. ಹರಳು ಒಂದೇ ಆಗಿದ್ದರೆ, ತಿರುಗಿಸುವಾಗ ಇಡಿಯಾಗಿ ಒಮ್ಮೆಲೇ ಕಪ್ಪಾಗುತ್ತದೆ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಅವೆಲ್ಲಿ ಬರಬೇಕು? ಬೊಗ್ನಾ ತಲೆ ಮೇಲೆ ಕೈ ಹೊತ್ತಳು. ಫೋನಿನಲ್ಲಿ ಸ್ವಲ್ಪ ಹೊತ್ತು ಗುಸುಗುಸು ಕೇಳಿ, ಓತಿಲಿಯಾಳ ದನಿ ಬಂತು.

"ಮೇಡಂ, ಪಾನ್ ಫ್ಲೋರಿಯಾನ್ ಅವರ ಮೀನು ಹಿಡಿಯೋ ಕಪ್ಪು ಕನ್ನಡಕ ಇಲ್ಲಿದೆ. ನೀರಿನ ಮೇಲಿನ ಹೊಳಪು ಕಾಣ್ದೇ ಇರೋ ಹಾಗೆ ಮಾಡೋದು. ಅದೂ ಅದೇ ಥರದ ಗಾಜೇ ಅಲ್ವಾ?"

ಬೊಗ್ನಾ ಬಕೆಟ್ಟಿನಿಂದ ಎದ್ದು ನಿಂತಳು. "ಅದೇ! ಆದ್ರೆ ಎರಡು ಬೇರೆಬೇರೆ ಬೇಕು."

ಇಗ್ನಾತ್ಸಿ ಕಿಟಕಿಯಿಂದ ತಲೆ ಹಾಕಿ ಕೇಳಿದ: "ಪಾನ್ ಫ್ಲೋರಿಯಾನ್, ನಿಮ್ಮ ಕನ್ನಡಕ ಮುರೀಬಹುದಾ?"

"ಮುರಿಯಪ್ಪ. ಅದನ್ನ ಹಾಕ್ಕೊಂಡಾಗ್ಲೂ ಒಂದು ಮೀನು ಸಿಕ್ಕಿಲ್ಲ."

ಹರಳು ಒಮ್ಮೆಲೇ ಕಪ್ಪಾಯಿತು, ಒಮ್ಮೆಲೇ ಬೆಳಗಿತು. ಮೊದಲ ಹರಳನ್ನು ಓತಿಲಿಯಾ ಎತ್ತುವಾಗ ಒಡೆದಳು. ಎರಡನೆಯದು ಎಲ್ಲೋ ಹಾರಿಹೋಯಿತು. ಒಂದೊಂದಕ್ಕೂ ಫೋನಿನಲ್ಲಿ "ಹೋಯ್ತು ಮೇಡಂ" ಎಂಬ ದನಿ ಬರುತ್ತಿತ್ತು. ಬೊಗ್ನಾಳ ಬಲಗೈ ತನ್ನಷ್ಟಕ್ಕೇ ಗಾಳಿಯಲ್ಲಿ ಸೂಜಿ ಹಿಡಿದಿತ್ತು, ಬಾಯಿ ಮಾತ್ರ ಹೇಳುತ್ತಿತ್ತು: "ಹೋದ್ರೆ ಹೋಗ್ಲಿ ಬಿಡು. ಇನ್ನೂ ಇದಾವಲ್ಲ. ಉಸಿರು ಬಿಟ್ಟು ಎತ್ತು, ಉಸಿರು ಹಿಡಿದು ಎತ್ಬೇಡ." ಮೂರನೆಯದು ನಿಂತಿತು.

ಓತಿಲಿಯಾ ಕೊಳವೆಯನ್ನು ಅಂಗೈಯಲ್ಲಿ ಮರಿಹಕ್ಕಿಯಂತೆ ಮುಚ್ಚಿ ಟ್ರಾಮಿನಲ್ಲಿ ತಂದಳು. ನಾವು ಅದರ ಹಿಂದೆ ಬಂದ ಇನ್ನೊಂದು ಟ್ರಾಮಿನಲ್ಲಿ ಬಂದೆವು. ಹೊಸ ಯಂತ್ರ ಹಳೆಯದರ ಹಾಗಲ್ಲ. ನೂರಾರು ಚುಕ್ಕೆಗಳನ್ನು ಒಂದೇ ಏಟಿಗೆ ಹಿಡಿಯುತ್ತದೆ. ಹುಡುಗಿ ಒಳಗೆ ಹೋಗಿ ಹರಳನ್ನು ತಣ್ಣನೆಯ ಗಾಳಿಯ ಧಾರೆಯಲ್ಲಿ ನಿಲ್ಲಿಸಿದಳು. ಬೊಗ್ನಾ ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ಚುಕ್ಕೆಗಳು ಮೂಡಿದವು, ತೊಳೆದಿಟ್ಟ ಹಾಗೆ. ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಗೂಡಿನ ಅಳತೆಯನ್ನು ಯಂತ್ರ ಮೊದಲು ಹೇಳುತ್ತದೆ. ಹೇಳಿತು. ಚಳಿಗೆ ಒಂದಿಷ್ಟು ಕುಗ್ಗಿದ್ದು ಬಿಟ್ಟರೆ ಅವಳು ಹರೆಯದಲ್ಲಿ ಸ್ವೆಟರ್ ಹೆಣೆಯುತ್ತ ಅಳೆದ ಅದೇ ಗೂಡು.

ನಾನು ಕೂಗಿದೆ, ಇಗ್ನಾತ್ಸಿ ಮೇಜು ಬಡಿದ. ಬೊಗ್ನಾ ಆ ಅಂಕಿಗಳನ್ನು ಕಾಗದದಲ್ಲಿ ಬರೆದುಕೊಂಡಳು. ಆಮೇಲೆ ಇಗ್ನಾತ್ಸಿಯನ್ನೂ ಒಳಗಿಂದ ಬಂದ ಓತಿಲಿಯಾಳನ್ನೂ ಕೇಳಿದ್ದು ಒಂದೇ ಮಾತು: "ನೀವಿಬ್ರೂ ಬೆಳಗ್ಗೆಯಿಂದ ಏನಾದ್ರೂ ತಿಂದ್ರಾ?"

ಡಾಕ್ಟರ್ ಗ್ರಾಲಾ ಆ ವಾರವೇ ರೈಲು ಹತ್ತಿ ಬಂದ. ಕಣ್ಣಾರೆ ನೋಡಬೇಕೆಂಬ ಆಸೆ ಅವನಿಗೆ. ಆದರೆ ಒಂದು ವರ್ಷ ಕೆಂಪಿನ ಜೊತೆ ಒದ್ದಾಡಿದವನನ್ನು ಪಾನ್ ಫ್ಲೋರಿಯಾನ್ ತನ್ನ ಗುಡಿಸಲಿನೊಳಗೆ ಬಿಡಲಿಲ್ಲ. ಅಷ್ಟು ಹೊತ್ತಿಗೆ ಅವನಿಗೆ ಎಲ್ಲ ನಿಯಮಗಳೂ ಬಾಯಿಪಾಠವಾಗಿದ್ದವು. ಪಾಪ, ಗ್ರಾಲಾ ಮುಚ್ಚಿದ ಕಿಟಕಿಗೆ ಮೂಗು ಒತ್ತಿ, ಮೇಜಿನ ಮೇಲಿನ ಜಾಮ್ ಸೀಸೆಯನ್ನು ತುಂಬ ಹೊತ್ತು ನೋಡಿದ.

"ನಮ್ಮ ಲೆಕ್ಕದಲ್ಲೇ ಏನೋ ಬಿಟ್ಟುಹೋಗಿದೆ ಮೇಡಂ. ಕ್ಷಮಿಸಿ" ಎಂದ.

"ಕ್ಷಮೆ ಯಾತಕ್ಕೆ? ನೀವು ಕೇಳ್ದೇ ಇದ್ದಿದ್ರೆ ನಾನು ಇದನ್ನ ಮತ್ತೆ ನೋಡ್ತಾನೇ ಇರ್ಲಿಲ್ಲ. ಬನ್ನಿ, ಕೇಕ್ ತಿನ್ನಿ" ಎಂದು ಬೊಗ್ನಾ ಅವನನ್ನು ಪ್ಲಮ್ ಗಿಡದ ಕೆಳಗೆ ಕೂರಿಸಿದಳು. ಕತ್ತಲಾಗುವವರೆಗೂ ಇಬ್ಬರೂ ಅಣು ಹೇಗೆ ಬಾಗುತ್ತದೆಂದು ಕೈ ಬಾಗಿಸಿ ಬಾಗಿಸಿ ವಾದ ಮಾಡಿದರು. ಹಳದಿ ಮರಳಿ ಸಿಕ್ಕಿದ ಬಗ್ಗೆ ಬರೆದ ಲೇಖನ ಪ್ರಕಟವಾದಾಗ ಮೊದಲ ಹೆಸರು ಓತಿಲಿಯಾಳದಾಗಿತ್ತು, ಎರಡನೆಯದು ಇಗ್ನಾತ್ಸಿಯದು. ಪಾನ್ ಫ್ಲೋರಿಯಾನ್‌ಗೆ ಕೊನೆಯಲ್ಲಿ ಕೃತಜ್ಞತೆ ಹೇಳಿದ್ದರು. ಅವನು ಅದನ್ನು ಕಟ್ಟು ಹಾಕಿಸಿ ಗಾಳಗಳ ಪಕ್ಕದಲ್ಲಿ ತೂಗುಹಾಕಿದ.

ಸೀಸೆಯಲ್ಲಿ ಉಳಿದ ಹಳದಿ ಮುಂದಿನ ಬೇಸಿಗೆಯಲ್ಲಿ ಕೆಂಪಾಯಿತು. ಯಾರ ಮೂಲಕ ಧೂಳು ಹೋಯಿತೋ ಗೊತ್ತಿಲ್ಲ. ನನಗೆ ಬೇಸರವಾಯಿತು. ಬೊಗ್ನಾ, "ಆಗ್ಲಿ ಬಿಡು, ಅದಕ್ಕೆ ಬೇಕಾದ ಹಾಗೆ ಇರ್ಲಿ. ನೋಡಬೇಕಾದ್ದು ನೋಡಿ ಆಯ್ತಲ್ಲ" ಎಂದಳು.

ಅವಳ ಪ್ರಯೋಗದ ತರಗತಿ ಈಗ ಸಂತೆಯ ಹಾಗಿರುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಹರಳನ್ನು ತಾನೇ ಆರಿಸಿ, ತಾನೇ ಅಂಟಿಸಬೇಕು. ಬೊಗ್ನಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುತ್ತುತ್ತಾಳೆ. ಹರಳುಗಳು ಒಡೆಯುತ್ತವೆ, ಹಾರಿಹೋಗುತ್ತವೆ, ಅಂಗಿಯ ತೋಳಿಗೆ ಅಂಟಿ ಮನೆಗೆ ಹೋಗುತ್ತವೆ. ಓತಿಲಿಯಾ ಅಲ್ಲಿಯೇ ಡಾಕ್ಟರೇಟ್ ಮಾಡುತ್ತ ಚಿಕ್ಕವರಿಗೆ ಹೇಳಿಕೊಡುತ್ತಾಳೆ.

ಹೋದ ತಿಂಗಳು ಒಬ್ಬ ಹುಡುಗನ ಹರಳು ಮೇಜಿನಿಂದ ಬಿದ್ದುಹೋಯಿತು. ಇಡೀ ತರಗತಿ ಬಗ್ಗಿ, ಟಾರ್ಚ್ ಹಿಡಿದು ಹುಡುಕಿತು. ಬೊಗ್ನಾ ಎಲ್ಲರಿಗಿಂತ ಮುಂದೆ ಮಂಡಿಯೂರಿದ್ದಳು. ಕೊನೆಗೆ ಹುಡುಗ ಕುಣಿಯುತ್ತ ಒಂದು ಕಾಳನ್ನು ಎತ್ತಿದ. ಬಣ್ಣವಿಲ್ಲದ್ದು, ಅಂಚು ಚೆನ್ನಾಗಿದ್ದದ್ದು. ತಾನೇ ಅಂಟಿಸಿದ, ತಾನೇ ಅಳೆದ, ಸಂಜೆಯ ಹೊತ್ತಿಗೆ ಪರಮಾಣುಗಳೆಲ್ಲ ಪರದೆಯ ಮೇಲೆ ಕೂತವು. ಅದು ಯಾರದೋ ಚಹಾಕ್ಕೆ ಹಾಕುವಾಗ ಚೆಲ್ಲಿದ ಸಕ್ಕರೆ.

ಹುಡುಗನ ಮುಖ ಬಾಡಿತು. ಬೊಗ್ನಾ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಎಷ್ಟು ಚೆನ್ನಾಗಿ ಅಳೆದಿದೀಯೋ! ಇಷ್ಟು ಚೊಕ್ಕವಾದ ಸಕ್ಕರೆ ನಾನು ನೋಡೇ ಇರ್ಲಿಲ್ಲ" ಎಂದಳು. ಅವಳು ಸುಳ್ಳು ಹೊಗಳುವವಳಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹುಡುಗ ಆ ಚಿತ್ರವನ್ನು ಅಚ್ಚು ಹಾಕಿಸಿ ಅಮ್ಮನಿಗೆ ತೋರಿಸಲು ಒಯ್ದ.